ಜೊತೆಗಾತಿ ಪ್ರೋಟೀನೂ ಅದರ ನೀರುಗಂಟಿಯೂ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳ ಲೇಖನ)

ಪೀಠಿಕೆ

ಚರಿತ್ರೆ, ಅರ್ಥಶಾಸ್ತ್ರ ಮತ್ತು ಕನ್ನಡಗಳನ್ನು ಐಚ್ಛಿಕ ವಿಷಯಗಳನ್ನಾಗಿ ಓದುತ್ತಿರುವ ನಾನು ಜೀವವಿಜ್ಞಾನಕ್ಕೆ ಸೇರಿದ ವಿಷಯವೊಂದನ್ನು ಕುರಿತು ಬರೆಯಲು ಹೊರಟಿರುವುದು ವಾಚಕರಲ್ಲಿ ಕೆಲವರಿಗಾದರೂ ಸೋಜಿಗವೆನಿಸಬಹುದು. ನಮ್ಮ ಮನೆಯವರಿಗೆ ಬಂದ ಒಂದು ಕಾಗದದ ಅರ್ಥವನ್ನು ತಿಳಿಯಬೇಕಾಗಿ ಬಂದುದರಿಂದ ಓದಿದೆ. ಓದಿದುದನ್ನು ಹಾಸ್ಟೆಲಿನ ಗೆಳತಿಯರಿಗೆ ಹೇಳಿದೆ. ಅವರ ಒತ್ತಾಯದಿಂದ ಈಗ ಬರೆಯುತ್ತಿದ್ದೇನೆ. ವಿಜ್ಞಾನ ವಿಭಾಗದ ಅಧ್ಯಾಪಕರು ತಾಳ್ಮೆಯಿಂದ ನನ್ನ ಸಂದೇಹಗಳನ್ನು ಪರಿಹರಿಸಿರುವುದಕ್ಕೆ ಕೃತಜ್ಞಳಾಗಿದ್ದೇನೆ.

ನನ್ನ ತಾಯಿಯ ತವರು ಜಗಳೂರು ತಾಲ್ಲೂಕಿನಲ್ಲಿದೆ. ಅಲ್ಲಿ ನನ್ನ ಸೋದರಮಾವನವರು ತಮ್ಮ ನಲವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೆಲವು ವರ್ಷಗಳಿಂದ ಅವರಿಗೆ ಕಾಲು ಬಾವು, ಏದುಸಿರು. ಊರಿನವರು ಅದನ್ನು ದಮ್ಮು ಎನ್ನುತ್ತಿದ್ದರು. ನಾನು ಕಾಣದ ನನ್ನ ತಾತನವರೂ ಅದೇ ಬಗೆಯಲ್ಲಿ ನಡುವಯಸ್ಸಿನಲ್ಲಿಯೇ ಹೋದರೆಂದು ಅಜ್ಜಿ ಹೇಳುತ್ತಾಳೆ. ಹೋದ ವರ್ಷ ಮಾವನ ಹಿರಿಯ ಮಗ, ಇಪ್ಪತ್ತನಾಲ್ಕರ ಯುವಕ, ಮೆಕ್ಕೆಜೋಳದ ಚೀಲ ಹೊತ್ತು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಉಸಿರುಗಟ್ಟಿ ಕುಳಿತುಬಿಟ್ಟನು. ವೈದ್ಯರು ಹೃದಯದ ಚಿತ್ರ ತೆಗೆದು, ಅದು ಹಿಗ್ಗಿ ದುರ್ಬಲವಾಗಿದೆಯೆಂದು ತಿಳಿಸಿದರು. ಮನೆತನದ ಕಥೆಯನ್ನು ಕೇಳಿ ರಕ್ತವನ್ನು ಜೀನಿನ ಪರೀಕ್ಷೆಗೆ ಕಳುಹಿಸಿದರು. ವಾರಗಳ ಮೇಲೆ ಬಂದ ವರದಿಯಲ್ಲಿ 'ಬ್ಯಾಗ್-3' ಎಂಬ ಜೀನಿನಲ್ಲಿ ದೋಷವಿದೆಯೆಂದು ಬರೆದಿತ್ತು.

ಆ ಕಾಗದವನ್ನು ನನ್ನ ಕೈಗಿಟ್ಟು ಅತ್ತೆ ಕೇಳಿದಳು: "ಬ್ಯಾಗು ಅಂದ್ರೆ ಏನವ್ವ, ಕೈಚೀಲನಾ? ಕೈಚೀಲಕ್ಕೂ ಎದೆಗೂ ಎಲ್ಲಿಂದೆಲ್ಲಿಗೆ ಸಂಬಂಧ?" ನನ್ನಲ್ಲಿ ಉತ್ತರವಿರಲಿಲ್ಲ. ಊರಿನ ಬಾಯಿಗೆ ಮಾತ್ರ ಉತ್ತರ ಸಿದ್ಧವಾಗಿತ್ತು. ಗಂಡನನ್ನು ಕಳೆದುಕೊಂಡವಳು, ಈಗ ಮಗನಿಗೂ ಹೀಗಾಯಿತು. ಎಲ್ಲವೂ ಆಕೆಯ ಕಾಲ್ಗುಣ ಎಂದು ಜನ ಆಡಿಕೊಂಡರು. ಹೊನ್ನಾಳಿಯ ಕಡೆಯ ಒಂದು ಮನೆಯೊಡನೆ ಮಾವನ ಮಗಳಿಗೆ ನಡೆಯುತ್ತಿದ್ದ ಸಂಬಂಧದ ಮಾತೂ ಅಲ್ಲಿಗೇ ನಿಂತಿತು. ಈ ಲೇಖನವು ಅತ್ತೆಯ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ವಾಚಕರು ತಿಳಿಯಬೇಕು.

ಪ್ರೋಟೀನಿನ ಮಡಿಕೆ

ನಮ್ಮ ಶರೀರದ ಪ್ರತಿಯೊಂದು ಜೀವಕೋಶದಲ್ಲಿಯೂ ವರ್ಣತಂತುಗಳಿವೆ. ತಂದೆಯಿಂದ ಇಪ್ಪತ್ತಮೂರು, ತಾಯಿಯಿಂದ ಇಪ್ಪತ್ತಮೂರು, ಒಟ್ಟು ನಲವತ್ತಾರು. ಅವುಗಳ ಮೇಲೆ ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದಿಟ್ಟ ಆದೇಶಗಳಿಗೆ ಜೀನುಗಳೆಂದು ಹೆಸರು. ಮನುಷ್ಯನಲ್ಲಿ ಪ್ರೋಟೀನುಗಳನ್ನು ಕಟ್ಟಲು ಆದೇಶ ನೀಡುವ ಜೀನುಗಳು ಸುಮಾರು 20,000. ನಮ್ಮ ಹಳೆಯ ಪಠ್ಯಪುಸ್ತಕಗಳು ಸಸಾರಜನಕವೆಂದು ಕರೆದ ಈ ಪ್ರೋಟೀನು ಬೇಳೆಕಾಳುಗಳಲ್ಲಿ ಸಿಗುವ ಆಹಾರಾಂಶ ಮಾತ್ರವೆಂದು ನಾನು ಬಹುಕಾಲ ತಿಳಿದಿದ್ದೆ. ಸ್ನಾಯು ಎಳೆಯುವುದು, ರಕ್ತ ಆಮ್ಲಜನಕವನ್ನು ಹೊರುವುದು, ಅನ್ನ ಜೀರ್ಣವಾಗುವುದು ಎಲ್ಲವೂ ಪ್ರೋಟೀನುಗಳ ಕೆಲಸವೇ.

ಇಪ್ಪತ್ತು ಬಗೆಯ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಜೀನು ಹೇಳಿದ ಕ್ರಮದಲ್ಲಿ ಪೋಣಿಸಿದ ಸರವೇ ಪ್ರೋಟೀನು. ಆದರೆ ಸರವು ಉದ್ದಕ್ಕೆ ಬಿದ್ದಿದ್ದರೆ ಯಾವ ಕೆಲಸಕ್ಕೂ ಬಾರದು. ಅದು ತನಗೆ ನಿಯತವಾದ ರೀತಿಯಲ್ಲಿ ಸುರುಳಿಯಾಗಿ, ಮಡಿಕೆಯಾಗಿ ಒಂದು ಆಕಾರಕ್ಕೆ ಬರಬೇಕು. ಆಕಾರ ಕೆಟ್ಟರೆ ಗುಣ ಕೆಟ್ಟಿತು. ಕೋಳಿಮೊಟ್ಟೆಯ ನೀರಿನಂತಹ ಲೋಳೆಯು ಬೇಯಿಸಿದಾಗ ಬೆಳ್ಳಗೆ ಗಟ್ಟಿಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ಮಣಿಗಳೆಲ್ಲ ಹಾಗೆಯೇ ಇವೆ; ಮಡಿಕೆಗಳು ಬಿಚ್ಚಿ ಒಂದರೊಡನೊಂದು ಗೋಜಲಾಗಿ ಹೆಣೆದುಕೊಂಡಿವೆ, ಅಷ್ಟೆ. ಬೆಂದ ಮೊಟ್ಟೆಯನ್ನು ತಣ್ಣೀರಿಗೆ ಹಾಕಿದರೆ ಅದು ಮತ್ತೆ ಲೋಳೆಯಾಗದು.

ಸರವು ತನ್ನ ಮಡಿಕೆಯ ಗುಟ್ಟನ್ನು ತನ್ನಲ್ಲಿಯೇ ಇರಿಸಿಕೊಂಡಿದೆಯೆಂದು ತೋರಿಸಿಕೊಟ್ಟ ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸೆನ್ನರಿಗೆ 1972ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಪರೀಕ್ಷಾನಳಿಗೆಯ ನಿರ್ಜನದಲ್ಲಿ ಸಾಧ್ಯವಾದುದು ಜೀವಕೋಶದೊಳಗೆ ಅಷ್ಟು ಸುಲಭವಲ್ಲ. ಜೀವಕೋಶದ ಒಳಗು ದಾವಣಗೆರೆಯ ದುಗ್ಗಮ್ಮನ ಜಾತ್ರೆಯಂತೆ ಕಿಕ್ಕಿರಿದಿರುತ್ತದೆ. ಆಗತಾನೇ ಹುಟ್ಟಿದ, ಇನ್ನೂ ಮಡಿಕೆಯಾಗದ ಸರವೊಂದು ಆ ನೂಕುನುಗ್ಗಲಿನಲ್ಲಿ ಕಂಡಕಂಡವರಿಗೆ ಅಂಟಿಕೊಂಡು ಕೆಡುವ ಸಂಭವ ಹೆಚ್ಚು. ಕೈಹಿಡಿದು ನಡೆಸುವವರು ಬೇಕು.

ಜೊತೆಗಾತಿಯರು

ಹೀಗೆ ಕೈಹಿಡಿಯುವ ಪ್ರೋಟೀನುಗಳ ಸುಳಿವು ಮೊದಲು ದೊರೆತದ್ದು ಒಂದು ಆಕಸ್ಮಿಕದಿಂದ. ಇಟಲಿಯ ವಿಜ್ಞಾನಿ ಫೆರುಚ್ಚೊ ರಿತೊಸ್ಸಾ ಎಂಬವರು ಹಣ್ಣುನೊಣದ ಮರಿಹುಳುಗಳ ಜೊಲ್ಲುಗ್ರಂಥಿಯಲ್ಲಿನ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಸಹೋದ್ಯೋಗಿಯೊಬ್ಬರು ಹುಳುಗಳಿದ್ದ ಪೆಟ್ಟಿಗೆಯ ಉಷ್ಣತೆಯನ್ನು ಏರಿಸಿಬಿಟ್ಟಿದ್ದರು. ಬಿಸಿ ತಗುಲಿದ ಹುಳುಗಳ ವರ್ಣತಂತುಗಳ ಮೇಲೆ ಹಿಂದೆ ಕಾಣದ ಉಬ್ಬುಗಳು ಎದ್ದಿದ್ದವು. ಉಬ್ಬು ಎದ್ದಿತೆಂದರೆ ಅಲ್ಲಿಯ ಜೀನು ಎಚ್ಚೆತ್ತು ಕೆಲಸಕ್ಕೆ ತೊಡಗಿತೆಂದು ಅರ್ಥ. 1962ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಹೆಚ್ಚು ಮಂದಿ ಲಕ್ಷ್ಯ ಕೊಡಲಿಲ್ಲ. 1974ರಲ್ಲಿ ಆ ಜೀನುಗಳಿಂದ ಹುಟ್ಟುವ ಪ್ರೋಟೀನುಗಳು ಕಂಡುಬಂದು, ಅವುಗಳಿಗೆ ಉಷ್ಣಾಘಾತ ಪ್ರೋಟೀನುಗಳೆಂಬ ಹೆಸರು ನಿಂತಿತು. ಇಂತಹ ಹಣ್ಣುನೊಣಗಳ ದೊಡ್ಡ ಸಂಗ್ರಹವೊಂದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿಯೂ ಇರುವುದು ನಮ್ಮವರು ತಿಳಿದಿರಬೇಕಾದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ಪಲ್ ತಾತು ಅವರ ತಂಡವು ಮಲೇರಿಯಾ ಪರೋಪಜೀವಿಯಲ್ಲಿ ಇಂತಹ ಒಂದು ಪ್ರೋಟೀನಿನ ಪಾತ್ರವನ್ನು ಕುರಿತು ಸಂಶೋಧನೆ ನಡೆಸಿದೆ. ನಮಗೆ ಜ್ವರ ಬಂದಾಗ ನಮ್ಮೊಳಗಿರುವ ಆ ಜೀವಿಯೂ ಬಿಸಿಯನ್ನು ತಾಳಿಕೊಳ್ಳಬೇಕಷ್ಟೆ.

ಪಾಶ್ಚಾತ್ಯ ಸಮಾಜದಲ್ಲಿ ಹಿಂದೆ ಮದುವೆಯಾಗದ ಹುಡುಗಿ ಹೊರಗೆ ಹೋಗುವಾಗ ಹಿರಿಯ ಹೆಂಗಸೊಬ್ಬಳು ಜೊತೆಗಿರುತ್ತಿದ್ದಳು. ಸಲ್ಲದ ಸ್ನೇಹ ಬೆಳೆಯದಂತೆ ನೋಡಿಕೊಳ್ಳುವುದು ಆಕೆಯ ಕೆಲಸ. ಸಲ್ಲದ ಅಂಟಿಕೆಯನ್ನು ತಡೆಯುವ ಪ್ರೋಟೀನಿಗೆ 1978ರಲ್ಲಿ ಇಂಗ್ಲೆಂಡಿನ ರಾನ್ ಲಾಸ್ಕಿ ಮತ್ತು ಅವರ ಸಂಗಡಿಗರು ಆಕೆಯ ಹೆಸರಾದ 'ಷಾಪರೋನ್' ಎಂಬುದನ್ನೇ ಇಟ್ಟರು. ನಮ್ಮಲ್ಲಿಯೂ ಮದುಮಗಳು ಮೊದಲ ಸಲ ಗಂಡನ ಮನೆಗೆ ಹೊರಟಾಗ ಅನುಭವಸ್ಥಳಾದ ಹೆಂಗಸನ್ನು ಜೊತೆಗೆ ಕಳುಹಿಸುವುದುಂಟು. ಆಕೆ ಹೊಸ ಮನೆಯಲ್ಲಿ ನೆಲೆಸುವವಳಲ್ಲ. ಹುಡುಗಿ ಹೊಂದಿಕೊಂಡ ಮೇಲೆ ಹಿಂದಿರುಗುತ್ತಾಳೆ. ಆದಕಾರಣ ಇದನ್ನು ಜೊತೆಗಾತಿ ಪ್ರೋಟೀನು ಎಂದು ಕರೆಯುತ್ತೇನೆ.

ಇವರಲ್ಲಿ ಮುಖ್ಯಳಾದವಳು ಎಚ್‌ಎಸ್‌ಪಿ-70. ಅದರ ತೂಕ ಸುಮಾರು 70,000 ಡಾಲ್ಟನ್ ಆದುದರಿಂದ ಈ ಅಂಕಿ. ಅದಕ್ಕೆ ಒಂದು ಹಿಡಿಕೈ ಇದೆ, ಆ ಕೈಯನ್ನು ನಡೆಸುವ ಒಂದು ಯಂತ್ರಭಾಗವಿದೆ. ಯಂತ್ರಭಾಗದಲ್ಲಿ ಎ.ಟಿ.ಪಿ. ಎಂಬ ಶಕ್ತಿದ್ರವ್ಯ ಕುಳಿತಿರುವಾಗ ಕೈ ಸಡಿಲವಾಗಿರುತ್ತದೆ. ಆ ದ್ರವ್ಯ ಒಡೆದು ಎ.ಡಿ.ಪಿ. ಆದೊಡನೆ ಕೈ ಬಿಗಿಯಾಗಿ, ಬಿಚ್ಚಿಕೊಂಡ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಇದಕ್ಕೆ ನೆರವಾಗಲು ಜೆ-ಪ್ರೋಟೀನುಗಳೆಂಬ ಬೇರೊಂದು ವರ್ಗವಿದೆ. ಹಿಡಿಯುವುದೇನೋ ಆಯಿತು. ಬಿಡಿಸುವವರು ಯಾರು?

ಸೂಳೆಕೆರೆಯ ದೃಷ್ಟಾಂತ

ಈ ಘಟ್ಟವನ್ನು ವಿವರಿಸುವಾಗ ನಾನು ತೊಡರಿದೆ. ಆಗ ಚನ್ನಗಿರಿ ತಾಲ್ಲೂಕಿನ ಗೆಳತಿಯೊಬ್ಬಳು, "ಹಾಗಾದರೆ ಅದು ನಮ್ಮ ಕಡೆಯ ನೀರುಗಂಟಿ ಇದ್ದಂತೆ" ಎಂದಳು. ಶಾಂತಿಸಾಗರವೆಂದು ಹೆಸರಾದ ಸೂಳೆಕೆರೆಗೆ ಸಿದ್ಧನ ತೂಬು, ಬಸವನ ತೂಬು ಎಂಬ ಎರಡು ತೂಬುಗಳಿವೆ. ಕೆರೆ ಎಷ್ಟೇ ದೊಡ್ಡದಿರಲಿ, ತೂಬು ಸದಾ ಮುಚ್ಚಿದ್ದರೆ ಗದ್ದೆ ಒಣಗುತ್ತದೆ, ಸದಾ ತೆರೆದಿದ್ದರೆ ಕೆರೆ ಬರಿದಾಗುತ್ತದೆ. ನಮ್ಮ ನಾಡಿನ ಕೆರೆಗಳಲ್ಲಿ ತೂಬನ್ನು ಹೊತ್ತರಿತು ಎತ್ತಿ ಇಳಿಸಿ, ಯಾವ ಗದ್ದೆಗೆ ನೀರು ಹೋಗಬೇಕೆಂದು ನೋಡಿಕೊಳ್ಳುವವನೇ ನೀರುಗಂಟಿ. ಅವನು ನೀರನ್ನು ಉಂಟುಮಾಡುವವನಲ್ಲ, ಪೈರು ಬೆಳೆಯುವವನೂ ಅಲ್ಲ; ಆದರೂ ಅವನಿಲ್ಲದೆ ಬೆಳೆಯಿಲ್ಲ.

ಬ್ಯಾಗ್ ವರ್ಗದ ಪ್ರೋಟೀನುಗಳು ಎಚ್‌ಎಸ್‌ಪಿ-70ರ ನೀರುಗಂಟಿಗಳು. ಮೂರು ಸುರುಳಿಗಳಿಂದಾದ ತಮ್ಮ 'ಬ್ಯಾಗ್ ಭಾಗ'ದಿಂದ ಅವು ಎಚ್‌ಎಸ್‌ಪಿ-70ರ ಯಂತ್ರಭಾಗವನ್ನು ಅಪ್ಪಿ, ಹಳೆಯ ಎ.ಡಿ.ಪಿ.ಯನ್ನು ಹೊರಡಿಸುತ್ತವೆ. ಹೊಸ ಎ.ಟಿ.ಪಿ. ಬಂದು ಕೂರುತ್ತದೆ, ಹಿಡಿಕೈ ಸಡಿಲುತ್ತದೆ, ಹಿಡಿದಿದ್ದ ಪ್ರೋಟೀನು ಬಿಡುಗಡೆಯಾಗುತ್ತದೆ. ಇಂತಹ ನಿಯಂತ್ರಕವು ಮಿತಿಯಲ್ಲಿದ್ದರೆ ಜೊತೆಗಾತಿಯ ಕೆಲಸ ಚುರುಕಾಗುತ್ತದೆ. ತೀರ ಹೆಚ್ಚಾದರೆ ಹಿಡಿದುದೆಲ್ಲ ಹೊತ್ತಿಗೆ ಮುಂಚೆಯೇ ಜಾರಿ ಕೆಲಸ ಕೆಡುತ್ತದೆ.

ಇವುಗಳಲ್ಲಿ ಮೊದಲನೆಯದನ್ನು 1995ರಲ್ಲಿ ತಕಾಯಾಮಾ, ರೀಡ್ ಮತ್ತು ಅವರ ಸಂಗಡಿಗರು ಕ್ಯಾಲಿಫೋರ್ನಿಯಾದಲ್ಲಿ ಕಂಡುಹಿಡಿದರು. ಜೀವಕೋಶವನ್ನು ಸಾವಿನಿಂದ ಕಾಯುವ ಬಿಸಿಎಲ್-2 ಎಂಬ ಪ್ರೋಟೀನಿಗೆ ಅದು ಅಂಟಿಕೊಳ್ಳುತ್ತಿದ್ದುದರಿಂದ, 'ಬಿಸಿಎಲ್-2ರ ಒಡನಾಡಿಯಾದ ಅಥನೋಜೀನು' ಎಂಬ ದೀರ್ಘನಾಮವನ್ನಿಟ್ಟು, ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಬ್ಯಾಗ್ ಎಂದರು. ಅತ್ತೆಯ ಕೈಚೀಲದ ಒಗಟು ಇಲ್ಲಿಗೆ ಬಿಡಿಸಿತು. ಗ್ರೀಕಿನಲ್ಲಿ 'ಥಾನಟೋಸ್' ಎಂದರೆ ಸಾವು. ಅದರ ಹಿಂದೆ ನಿಷೇಧಾರ್ಥದ ಅಕಾರ ಸೇರಿದರೆ ಸಾವಿಲ್ಲದ್ದು. ನಮ್ಮ 'ಅಮೃತ' ಶಬ್ದದ ರಚನೆಯೂ ಇದೇ ಬಗೆಯದು. ಮನುಷ್ಯನಲ್ಲಿ ಬ್ಯಾಗ್-1ರಿಂದ ಬ್ಯಾಗ್-6ರ ವರೆಗೆ ಆರು ಮಂದಿ ಈ ವರ್ಗದವರೆಂದು ಎಣಿಸುತ್ತಾರೆ.

ಬ್ಯಾಗ್-3ರ ಕಾರ್ಯ

ಬ್ಯಾಗ್-3ರ ಜೀನು ಹತ್ತನೆಯ ವರ್ಣತಂತುವಿನ ಉದ್ದನೆಯ ತೋಳಿನ ಮೇಲಿದೆ. ಅದರ ಪ್ರೋಟೀನು 575 ಅಮೈನೋ ಆಮ್ಲಗಳ ಸರ. ಅದರ ಕೊನೆಯಲ್ಲಿ ಮೇಲೆ ಹೇಳಿದ ಬ್ಯಾಗ್ ಭಾಗವಿದೆ. ಮಿಕ್ಕ ಸರದಲ್ಲಿ ಇತರ ಸಹಾಯಕರನ್ನು ಹಿಡಿದುಕೊಳ್ಳುವ ತಾಣಗಳಿವೆ: ಎಚ್‌ಎಸ್‌ಪಿಬಿ-8 ಮೊದಲಾದ ಕಿರಿಯ ಜೊತೆಗಾತಿಯರಿಗೆ ಎರಡು, ಕೋಶದೊಳಗೆ ಸಾಮಾನು ಹೊರುವ ಪ್ರೋಟೀನಿಗೆ ಒಂದು, ಬೇರೆ ಸಂಗಾತಿಗಳಿಗೆ ಮತ್ತೊಂದು. ಹೀಗೆ ಅನೇಕರನ್ನು ಒಟ್ಟಿಗೆ ಕಲೆಹಾಕಿ, ಹಾಳಾದ ಪ್ರೋಟೀನನ್ನು ಎಲ್ಲಿಗೆ ಸಾಗಿಸಬೇಕೆಂಬುದನ್ನು ಅದು ನಿಶ್ಚಯಿಸುತ್ತದೆ.

ಹಾಳಾದುದನ್ನು ವಿಲೇವಾರಿ ಮಾಡಲು ಜೀವಕೋಶದಲ್ಲಿ ಎರಡು ಮುಖ್ಯ ಮಾರ್ಗಗಳಿವೆ. ಬಿಡಿಬಿಡಿಯಾದ ಪ್ರೋಟೀನುಗಳಿಗೆ ಚೀಟಿ ಅಂಟಿಸಿ, ಪ್ರೋಟಿಯಸೋಮ್ ಎಂಬ ಕತ್ತರಿಸುವ ಯಂತ್ರಕ್ಕೆ ಹಾಕುವುದು ಒಂದು. ಈ ಚೀಟಿಯ ವ್ಯವಸ್ಥೆಯನ್ನು ಕಂಡುಹಿಡಿದ ಮೂವರಿಗೆ 2004ರಲ್ಲಿ ನೊಬೆಲ್ ದೊರೆಯಿತು. ಗಂಟುಕಟ್ಟಿದ ದೊಡ್ಡ ಕಸವನ್ನು ಪೊರೆಯ ಚೀಲದಲ್ಲಿ ಸುತ್ತಿ ಕರಗಿಸುವುದು ಎರಡನೆಯದು. ಇದಕ್ಕೆ ಸ್ವಭಕ್ಷಣೆಯೆಂದು ಹೆಸರು. ಇದರ ಜೀನುಗಳನ್ನು ಗುರುತಿಸಿದ ಜಪಾನಿನ ಯೊಶಿನೊರಿ ಒಸುಮಿಯವರಿಗೆ 2016ರ ನೊಬೆಲ್ ಸಂದಿತು. ಬ್ಯಾಗ್-1 ಮೊದಲನೆಯ ಮಾರ್ಗಕ್ಕೂ, ಬ್ಯಾಗ್-3 ಎರಡನೆಯದಕ್ಕೂ ಕಳುಹಿಸುತ್ತವೆ. ಜೀವಕೋಶಕ್ಕೆ ವಯಸ್ಸಾದಂತೆ ಬ್ಯಾಗ್-1ರ ಪ್ರಭಾವ ತಗ್ಗಿ ಬ್ಯಾಗ್-3ರ ಪ್ರಭಾವ ಹೆಚ್ಚುವುದೆಂದು 2009ರಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿದರು. ಎಂದರೆ, ವಯಸ್ಸಾದಷ್ಟೂ ಬ್ಯಾಗ್-3ರ ಅಗತ್ಯ ಹೆಚ್ಚು.

ಸ್ನಾಯುವಿನಲ್ಲಿ ಈ ಅಗತ್ಯ ಎಲ್ಲಕ್ಕಿಂತ ಹೆಚ್ಚು. ಬೇಸಾಯದ ಮನೆಯವರಿಗೆ ಒಂದು ದೃಷ್ಟಾಂತ ಹೇಳಬಹುದು. ನೊಗಕ್ಕೆ ಬಿಗಿದ ಮಿಣಿ ದಿನವೂ ಎಳೆತ ತಿಂದು ಸವೆಯುತ್ತದೆ. ಬುದ್ಧಿವಂತನಾದ ರೈತ ಅದು ಕಡಿಯುವವರೆಗೆ ಕಾಯದೆ ಸವೆದ ಎಳೆಯನ್ನು ತೆಗೆದು ಹೊಸದನ್ನು ಹೊಸೆಯುತ್ತಾನೆ. ಸ್ನಾಯುವಿನ ಎಳೆಗಳನ್ನು ಬಿಗಿದಿಡುವ ಜಾಗದಲ್ಲಿ ಫಿಲಮಿನ್ ಎಂಬ ಪ್ರೋಟೀನು ಮಿಣಿಯಂತೆ ಇದೆ. ಪ್ರತಿ ಎಳೆತದಲ್ಲಿಯೂ ಅದರ ಮಡಿಕೆ ಕೊಂಚ ಬಿಚ್ಚಿಕೊಳ್ಳುತ್ತದೆ. ಬ್ಯಾಗ್-3ರ ತಂಡವು ಕೆಟ್ಟ ಫಿಲಮಿನನ್ನು ಗುರುತಿಸಿ, ಚೀಟಿ ಅಂಟಿಸಿ, ಸ್ವಭಕ್ಷಣೆಯ ಚೀಲಕ್ಕೆ ಒಪ್ಪಿಸುತ್ತದೆ. ಅದರ ಸ್ಥಾನಕ್ಕೆ ಹೊಸದು ಬರುತ್ತದೆ. ಈ ಕ್ರಮವನ್ನು 2010ರಲ್ಲಿ ಜರ್ಮನಿಯ ಹೋಫೆಲ್ಡ್ ಮತ್ತು ಅವರ ಸಂಗಡಿಗರು ವಿವರಿಸಿದರು. ಕೈಕಾಲಿನ ಸ್ನಾಯುವಿಗೆ ರಾತ್ರಿಯಾದರೂ ವಿಶ್ರಾಂತಿಯುಂಟು. ಹೃದಯವೋ, ನಿಮಿಷಕ್ಕೆ ಎಪ್ಪತ್ತರಂತೆ ಲೆಕ್ಕ ಹಾಕಿದರೆ, ದಿನಕ್ಕೆ ಒಂದು ಲಕ್ಷಕ್ಕೂ ಮಿಗಿಲಾಗಿ ಬಡಿಯುತ್ತದೆ. ದುರಸ್ತಿಗಾಗಿ ನಿಲ್ಲಿಸಲಾಗದ ಯಂತ್ರವದು, ಓಡುತ್ತಿರುವಾಗಲೇ ರಿಪೇರಿಯಾಗಬೇಕು.

ನಿಯಂತ್ರಕ ತಪ್ಪಿದಾಗ

ಒಂದು ವಸ್ತುವಿನ ಉಪಯೋಗ ಅದಿಲ್ಲದಾಗ ತಿಳಿಯುತ್ತದೆ. 2006ರಲ್ಲಿ ಬ್ಯಾಗ್-3 ಜೀನನ್ನು ತೆಗೆದುಹಾಕಿದ ಇಲಿಮರಿಗಳನ್ನು ವಿಜ್ಞಾನಿಗಳು ಬೆಳೆಸಿದರು. ಹುಟ್ಟುವಾಗ ಅವು ಇತರ ಮರಿಗಳಂತೆಯೇ ಇದ್ದವು. ಸ್ನಾಯುಗಳು ಸರಿಯಾಗಿಯೇ ರಚನೆಗೊಂಡಿದ್ದವು. ದಿನಗಳು ಕಳೆದು ಓಡಾಟ ಹೆಚ್ಚಿದಂತೆ ಸ್ನಾಯುಗಳು ಕುಸಿದು, ನಾಲ್ಕು ವಾರಗಳೊಳಗೆ ಸತ್ತವು. ಇದರಿಂದ ಏನು ತಿಳಿಯುತ್ತದೆ? ಸ್ನಾಯುವನ್ನು ಕಟ್ಟಲು ಬ್ಯಾಗ್-3 ಬೇಕಿಲ್ಲ. ಕಟ್ಟಿದುದನ್ನು ಉಳಿಸಿಕೊಳ್ಳಲು ಬೇಕು. ಮಾವನವರು ಮೂವತ್ತೈದರ ವರೆಗೆ ಎಲ್ಲರಂತೆ ಉತ್ತು ಬಿತ್ತು ದುಡಿದುದು ಏಕೆಂಬುದು ನನಗೆ ಅರ್ಥವಾದದ್ದು ಇದನ್ನು ಓದಿದಾಗ.

ಮನುಷ್ಯರಲ್ಲಿ ಈ ಜೀನಿನ ದೋಷ 2009ರಲ್ಲಿ ಬೆಳಕಿಗೆ ಬಂತು. ಸರದ 209ನೆಯ ಮಣಿ ಪ್ರೋಲೀನ್ ಆಗಿರಬೇಕಾದಲ್ಲಿ ಲ್ಯೂಸೀನ್ ಆಗಿದ್ದ ಮಕ್ಕಳಲ್ಲಿ ಬಾಲ್ಯದಲ್ಲಿಯೇ ಸ್ನಾಯು ದೌರ್ಬಲ್ಯ, ಹೃದಯದ ಬಿಗಿತ ಮತ್ತು ಉಸಿರಾಟದ ತೊಂದರೆಗಳು ಕಾಣಿಸಿಕೊಂಡಿದ್ದವು. ಆ ಸ್ಥಾನ ಕಿರಿಯ ಜೊತೆಗಾತಿಯರನ್ನು ಹಿಡಿಯುವ ತಾಣದಲ್ಲಿಯೇ ಇದೆ. 2011ರಲ್ಲಿ ಮತ್ತೊಂದು ಬಗೆ ತಿಳಿಯಿತು. ಇಲ್ಲಿ ಜೀನಿನ ಎರಡು ಪ್ರತಿಗಳಲ್ಲಿ ಒಂದು ತುಂಡಾಗಿ ಅಥವಾ ಕೆಟ್ಟು ನಿರುಪಯೋಗವಾಗಿರುತ್ತದೆ. ಉಳಿದ ಒಂದರಿಂದ ದೊರೆಯುವ ಪ್ರೋಟೀನು ಹೃದಯಕ್ಕೆ ಸಾಲದೆ, ವರ್ಷಗಳು ಉರುಳಿದಂತೆ ಅದು ಹಿಗ್ಗಿ ಬಲಗುಂದುತ್ತದೆ. ನಮ್ಮ ಮನೆತನದ್ದು ಈ ಎರಡನೆಯ ಬಗೆ. ಇಂತಹ ಬದಲಾವಣೆಯಿರುವ ಯುರೋಪಿನ ಕುಟುಂಬಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ವರದಿಯಲ್ಲಿ, ನಲವತ್ತು ವರ್ಷ ದಾಟಿದವರ ಪೈಕಿ ಶೇಕಡಾ 80ರಷ್ಟು ಮಂದಿಯಲ್ಲಿ ರೋಗ ಕಂಡುಬಂದಿತ್ತು. ಅಲ್ಪವಲ್ಲದ ಪ್ರಮಾಣವಿದು.

ಇದೇ ಜೀನಿನಲ್ಲಿ ಎಲ್ಲ ಬದಲಾವಣೆಗಳೂ ಕೆಡುಕಲ್ಲವೆಂಬುದು ಗಮನಾರ್ಹ. 151ನೆಯ ಸ್ಥಾನದಲ್ಲಿ ಸಿಸ್ಟೀನಿನ ಬದಲು ಆರ್ಜಿನೀನ್ ಇರುವವರಿಗೆ ಹೃದಯ ಹಿಗ್ಗುವ ರೋಗದ ಸಂಭವ ಕಡಿಮೆಯೆಂದು ಕಂಡುಬಂದಿದೆ. ಹಾಗೆಯೇ ಬ್ಯಾಗ್-3 ಹೆಚ್ಚಾದಷ್ಟೂ ಒಳ್ಳೆಯದೆಂದೂ ಹೇಳುವಂತಿಲ್ಲ. ಸಾಯಬೇಕಾದ ಕ್ಯಾನ್ಸರಿನ ಕೋಶಗಳು ಅದರ ನೆರವಿನಿಂದ ಬದುಕಿಕೊಳ್ಳುವುದುಂಟು. ನೀರುಗಂಟಿ ಕಳೆಗೂ ನೀರು ಬಿಡಬಲ್ಲ.

ನಮ್ಮ ನಾಡಿನ ಸಂಗತಿ

ಪ್ರೋಟೀನಿನ ದುರಸ್ತಿಗೂ ಹೃದಯದ ಆರೋಗ್ಯಕ್ಕೂ ಇರುವ ಈ ನಂಟು ನಮ್ಮ ದೇಶಕ್ಕೆ ದೂರದ ವಿಷಯವಲ್ಲ. ಹೃದಯಸ್ನಾಯುವಿನ ಬೇರೊಂದು ಪ್ರೋಟೀನಾದ ಮಯೋಸಿನ್ ಬಂಧಕ-ಸಿ ಎಂಬುದರ ಜೀನಿನಲ್ಲಿ 25 ಅಕ್ಷರಗಳ ಲೋಪವೊಂದು ಭಾರತದಲ್ಲಿ ನೂರಕ್ಕೆ ನಾಲ್ವರಷ್ಟು ಜನರಲ್ಲಿದೆಯೆಂದು ದಂಡಪಾಣಿ, ತಂಗರಾಜ್ ಮೊದಲಾದವರು 2009ರಲ್ಲಿ ತಿಳಿಸಿದರು. ಎಳೆಯ ವಯಸ್ಸಿನಲ್ಲಿ ಕೋಶವು ಆ ಕೆಟ್ಟ ಪ್ರೋಟೀನನ್ನು ನಾಶಮಾಡಿ ಆರೋಗ್ಯವನ್ನು ಕಾಯುತ್ತದೆ. ವಯಸ್ಸಾದಂತೆ ಈ ಶಕ್ತಿ ಕುಂದಿ ರೋಗ ತಲೆದೋರುತ್ತದೆಂಬುದು ಅವರ ವಿವರಣೆ. ಲೋಪವಿದ್ದವರೆಲ್ಲರಿಗೂ ರೋಗ ಬರುವುದಿಲ್ಲವೆಂದೂ, ಅದರೊಡನೆ ಇನ್ನೊಂದು ಬದಲಾವಣೆಯೂ ಕೂಡಿದವರಿಗೆ ಅಪಾಯ ಹೆಚ್ಚೆಂದೂ ಮುಂದಿನ ಸಂಶೋಧನೆಗಳು ಹೇಳುತ್ತವೆ. ದಂಡಪಾಣಿಯವರು ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಈ ದಿಶೆಯ ಸಂಶೋಧನೆಯನ್ನು ಮುಂದುವರಿಸಿದರು.

ಎರಡು ಶಂಕೆಗಳು

ನ್ಯಾಮತಿಯು ಹಿಂದೆ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದು, ಈಗ ತಾನೇ ಒಂದು ತಾಲ್ಲೂಕಾಗಿದೆ. ಅಲ್ಲಿಂದ ಬಂದ ಗೆಳತಿಯೊಬ್ಬಳು ಕೇಳಿದಳು: "ಉಷ್ಣಾಘಾತವೆಂದು ಹೇಳಿದೆಯಲ್ಲ, ನಿಮ್ಮ ಜಗಳೂರಿನ ಬಿಸಿಲಿಗೇ ಹೀಗಾಯಿತೇನು?" ಪ್ರಶ್ನೆ ಸಹಜವಾದುದೇ. ಆದರೆ ಹೊರಗೆ ಎಷ್ಟೇ ಬಿಸಿಲಿದ್ದರೂ ಬೆವರು ಮೊದಲಾದ ಉಪಾಯಗಳಿಂದ ಶರೀರವು ತನ್ನ ಒಳಗಿನ ಉಷ್ಣತೆಯನ್ನು 37 ಡಿಗ್ರಿಯ ಆಸುಪಾಸಿನಲ್ಲಿಯೇ ಇಟ್ಟುಕೊಳ್ಳುತ್ತದೆ. ಈ ಹತೋಟಿ ತಪ್ಪಿ ಬಿಸಿಲಾಘಾತವಾದಾಗ, ಇಲ್ಲವೆ ಜ್ವರ ಏರಿದಾಗ, ಕೋಶವು ನಿಜವಾದ ಬಿಸಿಯನ್ನು ಕಾಣುತ್ತದೆ. ಆಗ ಜೊತೆಗಾತಿಯರೊಡನೆ ಬ್ಯಾಗ್-3ರ ತಯಾರಿಕೆಯೂ ಹೆಚ್ಚುತ್ತದೆ. ಭಾರವಾದ ದುಡಿಮೆಯೂ ಈ ವ್ಯವಸ್ಥೆಯನ್ನು ಎಚ್ಚರಿಸುತ್ತದೆ. ಆದರೆ ಬಿಸಿಲಾಗಲಿ ದುಡಿಮೆಯಾಗಲಿ ಜೀನಿನ ಅಕ್ಷರವನ್ನು ನಮ್ಮ ಮನೆಯಲ್ಲಿ ಬದಲಿಸಲಿಲ್ಲ. ಅದು ತಾತನವರಿಂದ, ಪ್ರಾಯಶಃ ಅವರ ಹಿರಿಯರಿಂದ, ನಡೆದು ಬಂದುದು.

ಎರಡನೆಯ ಶಂಕೆ ರಕ್ತಸಂಬಂಧದ ಮದುವೆಯನ್ನು ಕುರಿತದ್ದು. ಸೋದರಮಾವನೊಡನೆ ಅಥವಾ ಅತ್ತೆ-ಮಾವಂದಿರ ಮಕ್ಕಳೊಡನೆ ಮದುವೆ ಮಾಡುವ ವಾಡಿಕೆ ನಮ್ಮಲ್ಲಿ ಬಲವಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿ ರಾವ್ ಮತ್ತು ಪರದೇಶದ ಬಿಟಲ್ಸ್ ಮೊದಲಾದವರು 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಮೂರರಲ್ಲಿ ಒಂದರ ಹತ್ತಿರ ಮದುವೆಗಳು ಇಂತಹವೆಂದು ಕಂಡಿತ್ತು. ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ಬರುವ ರೋಗಗಳಿಗೆ ಈ ವಾಡಿಕೆಯಿಂದ ಅವಕಾಶ ಹೆಚ್ಚುತ್ತದೆ. ಬ್ಯಾಗ್ ವರ್ಗದ ಐದನೆಯದಾದ ಬ್ಯಾಗ್-5ರಿಂದ ಹೃದಯರೋಗ ಬರುವುದು ಈ ಕ್ರಮದಲ್ಲಿಯೇ ಎಂದು 2022ರಲ್ಲಿ ಜಪಾನಿನ ವಿಜ್ಞಾನಿಗಳು ವರದಿ ಮಾಡಿದರು. ಬ್ಯಾಗ್-3ರಲ್ಲಾದರೋ ಒಂದು ಪ್ರತಿ ಕೆಟ್ಟರೆ ಸಾಕು. ಆದ್ದರಿಂದ ಹೊರಸಂಬಂಧ ತಂದ ಮಾತ್ರಕ್ಕೆ ಇದು ತಪ್ಪುವುದಿಲ್ಲ, ಒಳಸಂಬಂಧದಿಂದಲೇ ಇದು ಹುಟ್ಟಿತೆನ್ನಲೂ ಬರುವುದಿಲ್ಲ.

ಕಾಲ್ಗುಣದ ಮಾತು

ಕೆಟ್ಟ ಪ್ರತಿಯಿರುವವರ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಎರಡರಲ್ಲಿ ಒಂದು. ಹತ್ತನೆಯ ವರ್ಣತಂತು ಗಂಡಿಗೂ ಹೆಣ್ಣಿಗೂ ಸಮಾನ. ಆದುದರಿಂದ ಮಗನೂ ಮಗಳೂ ಒಂದೇ. ಮಾವನವರಲ್ಲಿದ್ದ ಅಕ್ಷರವು ಅವರ ತಂದೆಯಿಂದ ಬಂದಿತ್ತೆಂದು ಮನೆತನದ ಕಥೆಯಿಂದ ತೋರುತ್ತದೆ. ಅತ್ತೆಯು ಹೊಸಲು ದಾಟಿ ಆ ಮನೆಗೆ ಬರುವ ಎಷ್ಟೋ ವರ್ಷಗಳ ಮೊದಲೇ ಅದು ಅವರ ಎದೆಯ ಪ್ರತಿಯೊಂದು ಕೋಶದಲ್ಲಿಯೂ ಇತ್ತು. ಆಕೆಯ ಕಾಲಿಗೂ ಅದಕ್ಕೂ ಏನು ಸಂಬಂಧ? ಈ ಮಾತನ್ನು ನಾನು ಕಾಗದದ ಮೇಲೆ ವರ್ಣತಂತುಗಳ ಚಿತ್ರ ಬರೆದು ಆಕೆಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಇದನ್ನ ನಿಮ್ಮ ಅಜ್ಜಿಗೂ ಒಂದು ಸಲ ಹೇಳವ್ವ" ಎಂದಳು. ಹೇಳಿದೆ. ಅಜ್ಜಿ ಏನೂ ಆಡಲಿಲ್ಲ. ಆದರೆ ಆ ದಿನದಿಂದ ಕಾಲ್ಗುಣದ ಮಾತು ನಮ್ಮ ಅಜ್ಜಿಯ ಬಾಯಲ್ಲಿ ಬಂದುದನ್ನು ನಾನು ಕೇಳಿಲ್ಲ.

ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. ನನ್ನ ತಾಯಿ ಮಾವನವರ ಒಡಹುಟ್ಟಿದವಳು. ಅವಳಿಗೂ ಎರಡರಲ್ಲಿ ಒಂದು, ಅವಳ ಮೂಲಕ ನನಗೆ ನಾಲ್ಕರಲ್ಲಿ ಒಂದು ಸಂಭವವಿತ್ತು. ತಿಂಗಳುಗಟ್ಟಲೆ ಹಿಂದೆಮುಂದೆ ನೋಡಿ, ತಾಯಿಯೂ ಮಾವನ ಮಗಳೂ ಒಂದೇ ದಿನ ರಕ್ತ ಕೊಟ್ಟರು. ತಾಯಿಯಲ್ಲಿ ಆ ಬದಲಾವಣೆ ಇರಲಿಲ್ಲ. ಆದುದರಿಂದ ನಾನೂ ಪಾರಾದೆ. ಮಾವನ ಮಗಳಲ್ಲಿ ಇತ್ತು. ನನಗಿಂತ ಒಂದು ವರ್ಷ ದೊಡ್ಡವಳಾದ, ನನಗಿಂತ ಹೆಚ್ಚು ದೇವರ ಪೂಜೆ ಮಾಡುವ, ಯಾರಿಗೂ ಕೇಡು ಬಯಸದ ಹುಡುಗಿಯವಳು. ನನ್ನ ಪುಣ್ಯದಿಂದ ನಾನು ಉಳಿದೆನೆಂದು ಯಾರಾದರೂ ಹೇಳಿದರೆ, ಅವಳ ಪಾಪದಿಂದ ಅವಳಿಗೆ ಬಂತೆಂದೂ ಹೇಳಬೇಕಾಗುತ್ತದೆ. ಅಂತಹ ಮಾತನ್ನು ನಾನು ಒಪ್ಪಲಾರೆ.

ಉಪಸಂಹಾರ

ಜೀನಿನಲ್ಲಿ ದೋಷವಿದೆಯೆಂದರೆ ನಾಳೆಯೇ ರೋಗವೆಂದು ಅರ್ಥವಲ್ಲ. ಮಾವನ ಮಗಳ ಹೃದಯ ಈಗ ಸರಿಯಾಗಿಯೇ ಇದೆ. ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಇ.ಸಿ.ಜಿ., ಎಕೋ ಪರೀಕ್ಷೆಗಳನ್ನು ಮಾಡಿಸಿಕೊಂಡರೆ, ಹಿಗ್ಗಲು ತೊಡಗಿದೊಡನೆ ತಿಳಿಯುತ್ತದೆ. ಬಲಗುಂದಿದ ಹೃದಯಕ್ಕೆ ಪರಿಣಾಮಕಾರಿಯಾದ ಔಷಧಿಗಳು ಈಗ ಇವೆ. ಬಡಿತದ ತಾಳ ತಪ್ಪದಂತೆ ಕಾಯುವ ಉಪಕರಣಗಳಿವೆ. ಅವಳ ಅಣ್ಣನು ಔಷಧಿಯಿಂದ ಚೇತರಿಸಿಕೊಂಡು, ಚೀಲ ಹೊರುವುದನ್ನು ಬಿಟ್ಟು, ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಿದ್ದಾನೆ. ಬ್ಯಾಗ್-3ನ್ನೇ ಹೃದಯಕ್ಕೆ ಒದಗಿಸುವ ಜೀನ್ ಚಿಕಿತ್ಸೆಯನ್ನು ಇಲಿಗಳ ಮೇಲೆ ಪ್ರಯೋಗಿಸಿ ಒಳ್ಳೆಯ ಫಲ ಕಂಡುದಾಗಿ 2016ರಲ್ಲಿ ವರದಿಯಾಯಿತು; ಮನುಷ್ಯರಿಗೆ ಅದು ಸಾಮಾನ್ಯ ಚಿಕಿತ್ಸೆಯಾಗಿ ಇನ್ನೂ ದೊರೆಯುತ್ತಿಲ್ಲ. ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳು ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿವೆ. ಮನೆಯಲ್ಲಿ ಇಬ್ಬರು ಮೂವರು ನಡುವಯಸ್ಸಿನಲ್ಲಿಯೇ ಏದುಸಿರು, ಕಾಲು ಬಾವುಗಳಿಂದ ತೀರಿಕೊಂಡಿದ್ದರೆ, ಅಥವಾ ಹಠಾತ್ತನೆ ಸತ್ತಿದ್ದರೆ, ಉಳಿದವರು ಒಂದು ಸಲ ಹೃದಯವನ್ನು ತೋರಿಸಿಕೊಳ್ಳುವುದು ವಿವೇಕ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಬಂದು ಓದುತ್ತಿರುವ ನನ್ನ ಸಹಪಾಠಿಗಳು ತಮ್ಮ ಮನೆಯ ಹಿರಿಯರು ಯಾವ ವಯಸ್ಸಿನಲ್ಲಿ, ಹೇಗೆ ತೀರಿಕೊಂಡರೆಂಬುದನ್ನು ಈ ರಜೆಯಲ್ಲಿ ಅಜ್ಜಿಯರನ್ನು ಕೇಳಿ ಬರೆದಿಡಬೇಕೆಂದು ವಿನಂತಿಸುತ್ತೇನೆ. ನಮ್ಮ ವೈದ್ಯರು ಮೊದಲು ಕೇಳಿದ್ದೂ ಅದನ್ನೇ.

ಮಾವನ ಮಗಳು ಎಲ್ಲವನ್ನೂ ಬಚ್ಚಿಡದೆ ತಿಳಿಸಬೇಕೆಂದು ತಾನೇ ಹಠ ಹಿಡಿದಳು. ನಾನು ಬರೆದ ಚಿತ್ರದ ಕಾಗದವನ್ನೇ ತೆಗೆದುಕೊಂಡು ತಾಯಿ ಮತ್ತು ಅತ್ತೆ ಹೊನ್ನಾಳಿಗೆ ಹೋಗಿ ಬಂದರು. ಹುಡುಗನು ಕಾಗದವನ್ನು ಇಟ್ಟುಕೊಂಡು, ಓದಿ ತಿಳಿಸುತ್ತೇನೆಂದನಂತೆ. ಉತ್ತರ ಇನ್ನೂ ಬಂದಿಲ್ಲ.